ಎಷ್ಟು ಇಂಚು

ಅಪ್ಪನಿಗೆ ನನ್ನ ಕೆಲಸ ತಿಳಿಸಿ ಹೇಳುವುದಕ್ಕೆ ಆರು ವರ್ಷ ಬೇಕಾಯಿತು.
ತಳಕಿನ ಸುತ್ತ ಮುನ್ನೂರ ಹನ್ನೊಂದು ಪಾಯಿಂಟು ತೋರಿಸಿದವನು,
ಬೇವಿನ ಕವಲುಕಡ್ಡಿ ಹಿಡಿದು, ಚಪ್ಪಲಿ ಬಿಟ್ಟು,
ಕಾದ ನೆಲದ ಮೇಲೆ ಕಳ್ಳನ ಹಾಗೆ ನಡೆದವನು.
ಅವನ ಮಗಳು ದಾವಣಗೆರೆಯ ಲ್ಯಾಬಿನಲ್ಲಿ
ನೀರು ನಿಲ್ಲಿಸುವ ಮದ್ದು ಕಲಸುತ್ತಾಳೆ ಅಂದರೆ
ಊರಲ್ಲಿ ಹೇಳಿಕೊಳ್ಳುವುದು ಹೇಗೆ?

"ಬ್ಯಾಡದ ನೀರು ಅಂತ ಒಂದೈತೇನು?"

ಐತಪ್ಪಾ. ರಾಜಸ್ಥಾನದ ಮರಳಿನಲ್ಲಿ ಒಂದು
ಹಳೇ ಎಣ್ಣೆಬಾವಿ. ನೂರು ಕೊಡ ಎತ್ತಿದರೆ
ತೊಂಬತ್ತಾರು ಕೊಡ ಉಪ್ಪುನೀರು,
ನಾಲ್ಕೇ ಕೊಡ ಎಣ್ಣೆ.
ಆ ನೀರು ಕುಡಿಯುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ,
ಎತ್ತುವುದಕ್ಕೆ ಕರೆಂಟು, ಬೇರೆ ಮಾಡುವುದಕ್ಕೆ ಕರೆಂಟು,
ವಾಪಸು ನೆಲಕ್ಕೆ ತುರುಕುವುದಕ್ಕೂ ಕರೆಂಟು.

ಅದಕ್ಕೆ ನಾನು ಅಂಟು ಕಾಯಿಸುತ್ತೇನೆ.
ಪಾಲಿಮರ್ ಪುಡಿ, ಚೂರು ಕ್ರೋಮಿಯಂ.
ನೀರಿನಷ್ಟೇ ತೆಳ್ಳಗೆ ಬಾವಿಗೆ ಇಳಿಯುತ್ತದೆ,
ನೀರು ಸಲೀಸಾಗಿ ಓಡುವ ಬಿರುಕನ್ನೇ ಹುಡುಕಿಕೊಂಡು ಹೋಗುತ್ತದೆ,
ಹೋಗಿ, ಕಾದು, ಮೂರನೇ ದಿನ ಅಲ್ಲೇ ಹೆಪ್ಪುಗಟ್ಟುತ್ತದೆ.
ಮೊಸರಿನ ಹಾಗೆ. ಅಲ್ಲ, ತಾಟಿನುಂಗಿನ ಹಾಗೆ.
ಆಮೇಲೆ ಎಣ್ಣೆ ಬೇರೆ ಸಂದಿಯಲ್ಲಿ ಬರುತ್ತದೆ, ಬಂದರೆ.

"ಬಂದರೆ" ಅನ್ನುವ ಮಾತು ಅಪ್ಪನಿಗೆ ಹಿಡಿಸಿತು.
ಅವನ ಕಸುಬಿನಲ್ಲೂ ಅದೇ ದೊಡ್ಡ ಮಾತು.

ಲ್ಯಾಬಿನ ಓವನ್ನು ತೊಂಬತ್ತು ಡಿಗ್ರಿ. ಒಳಗೆ ನಲವತ್ತು ಸೀಸೆ.
ಬೆಳಿಗ್ಗೆ ನಸೀಮಾ, ನಾನು ಒಂದೊಂದನ್ನೇ ತಲೆಕೆಳಗು ಮಾಡುತ್ತೇವೆ.
ಸುರಿದು ಬಿದ್ದರೆ ಸೊನ್ನೆ.
ನಾಲಿಗೆ ಚಾಚಿದರೆ ಅಳತೆಪಟ್ಟಿ ಇಟ್ಟು ಬರೆಯುತ್ತೇವೆ:
ಗಿಡ್ಡ ನಾಲಿಗೆ, ಉದ್ದ ನಾಲಿಗೆ.
ಅಲುಗದೆ ಮೇಲೇ ಕೂತರೆ ಪಾಸು.
ರಾತ್ರಿ ಕರೆಂಟು ಹೋಗಿದ್ದರೆ ಎಲ್ಲವೂ ಚಾಡಿ ಹೇಳುತ್ತವೆ.
ಹನ್ನೊಂದಕ್ಕೆ ಮಂಡಕ್ಕಿ, ಮೆಣಸಿನಕಾಯಿ,
ಕೈ ಎರಡು ಸಲ ತೊಳೆದುಕೊಂಡು.

ಮಾಘದಲ್ಲಿ ಅಪ್ಪನಿಗೆ ಉಬ್ಬಸ ಬಂತು.
ತಳಕಿನಿಂದ ಬಸ್ಸಿನಲ್ಲಿ ಬಂದ, ಒರಗಲಾರದೆ,
ಮುಂದಿನ ಸೀಟಿನ ಸರಳು ಹಿಡಿದುಕೊಂಡೇ.
ಎಕ್ಸರೇಯನ್ನು ಕಿಟಕಿಗೆ ಹಿಡಿದರು.
ಎಡಗಡೆ ಎದೆಯಲ್ಲಿ ಕೆರೆ ನಿಂತ ಹಾಗೆ ಬಿಳುಪು,
ಪಕ್ಕೆಯ ಗುಂಟ ಮೇಲೆ ಹತ್ತಿದ ಅಂಚು.
"ನೀರು" ಅಂದರು ಡಾಕ್ಟರು.
ಅಪ್ಪ ನನ್ನ ಮುಖ ನೋಡಿದ. ನಾನು ಎಕ್ಸರೇ ನೋಡಿದೆ.

ಬೆನ್ನಿಗೆ ಸೂಜಿ. ಬಾಟಲಿಗೆ ಬಿದ್ದದ್ದು
ಕಡಲೆ ನೆನೆಸಿದ ನೀರಿನ ಬಣ್ಣ, ಒಂದೂವರೆ ಲೀಟರು.
ಮುಂದಕ್ಕೆ ಬಾಗಿ ಕೂತಿದ್ದ ಅಪ್ಪ ಕೇಳಿದ:
"ಎಷ್ಟು ಇಂಚು?"
ಮಂಗಳೂರಿನ ಕಡೆಯ ಹುಡುಗಿ, ಹೊಸ ಡಾಕ್ಟರು,
ಸೂಜಿಯ ಉದ್ದ ಹೇಳಿದಳು.

ಎಂಟು ದಿನಕ್ಕೆ ಮತ್ತೆ ತುಂಬಿತು.
ತೆಗೆದರು. ಮತ್ತೆ ತುಂಬಿತು.
ತನ್ನ ಜನ್ಮದಲ್ಲಿ ಬತ್ತದ ಪಾಯಿಂಟು ಇದೊಂದೇ,
ಅವನೇ ಅಂದ. ನಗಲು ಹೋಗಿ ಕೆಮ್ಮಿದ.

ಕೊನೆಗೆ ನಳಿಕೆ ಇಟ್ಟು ಒಂದು ಪುಡಿ ಕದಡಿ ಬಿಟ್ಟರು,
ಮುಖದ ಪೌಡರಿನ ಡಬ್ಬಿಯಲ್ಲಿರುವಂಥದೇ ಬಿಳಿ ಪುಡಿ.
ಶ್ವಾಸಕೋಶಕ್ಕೂ ಪಕ್ಕೆಗೂ ನಡುವಿನ ಸಂದಿ ಉರಿದು, ಅಂಟಿ,
ನೀರಿಗೆ ಜಾಗವೇ ಇಲ್ಲದಂತೆ.
ಡಾಕ್ಟರು ವಿವರಿಸುವಾಗ ನಾನು ತಲೆ ಆಡಿಸಿದೆ,
ನನ್ನದೇ ರಿಪೋರ್ಟನ್ನು ಬೇರೆಯವರು ಓದಿದ ಹಾಗಿತ್ತು.
ಆದರೆ ನನ್ನ ಬಂಡೆಗಳು ಕೂಗುವುದಿಲ್ಲ.
ಅಪ್ಪ ಕೂಗಿದ. ಯಾರ ಹೆಸರೂ ಹಿಡಿಯದೆ,
ಸುಮ್ಮನೆ, ಉದ್ದಕ್ಕೆ.

ಕಾಲು ಗಂಟೆಗೊಮ್ಮೆ ಹೊರಳಿಸಿ ಅಂದರು, ಎಡಕ್ಕೆ, ಬಲಕ್ಕೆ.
ಸೀಸೆ ತಿರುಗಿಸುವ ಕೈಯಲ್ಲೇ ಹೊರಳಿಸಿದೆ.

ರಾತ್ರಿ ಫೋನು ಬಂತು, ಮರಳಿನ ಆ ಕಡೆಯಿಂದ:
ತೊಂಬತ್ತಾರು ಇದ್ದದ್ದು ಎಂಬತ್ತೊಂಬತ್ತಕ್ಕೆ ಇಳಿದಿದೆ ಮೇಡಂ.
ಅಪ್ಪನಿಗೆ ಹೇಳಿದೆ.
"ನಿಂತೈತಾ?"
ಪೂರ್ತಿ ಇಲ್ಲ.

ಅವನು ಕಣ್ಣು ಮುಚ್ಚಿಕೊಂಡೇ ಹೊದಿಕೆಯ ಮೇಲೆ
ಎರಡೂ ಹೆಬ್ಬೆರಳು ಅಗಲಿಸಿದ, ಕಡ್ಡಿ ಹಿಡಿದಂತೆ,
ಮಂಚದ ಕೆಳಗಿನ ಬಾಟಲಿಯ ಕಡೆ ತಿರುಗಿಸಿದ.
ಎರಡು ಹನಿ ಬಿತ್ತು. ಮತ್ತೆ ಬಹಳ ಹೊತ್ತು ಏನಿಲ್ಲ.

"ಕಾಯಬೇಕು" ಅಂದ.
"ಮೂರನೇ ದಿನ ಅಂದಿದ್ದೆಯಲ್ಲ."